ನಾನು ಬರೆದ ಹುಟ್ಟುಹಬ್ಬ

ನ್ಯೂವೆಗೈನ್‌ನ ಆ ಮನೆಗೆ ನಾನು ಒಟ್ಟು ಮೂವತ್ತೊಂದು ಶನಿವಾರ ಹೋಗಿದ್ದೇನೆ. ಆಗ ಡಚ್ಚರ ದೇಶದಲ್ಲಿ, ಅದರ ಪಕ್ಕದ ಉಟ್ರೆಕ್ಟ್‌ನಲ್ಲಿ ಓದುತ್ತಿದ್ದೆ. ಯುದ್ಧದಲ್ಲಿ ಹೆತ್ತವರನ್ನು ಕಳೆದುಕೊಂಡು ಈ ದೇಶ ಸೇರಿದ ಒಂಬತ್ತು ಮಕ್ಕಳು ಅಲ್ಲಿದ್ದರು. ತಲೆ ಬಾಚುವುದು, ಲೆಕ್ಕ ಹೇಳಿಕೊಡುವುದು, ಪ್ಯಾನ್‌ಕೇಕ್ ಹುಯ್ಯುವುದು ನನ್ನ ಕೆಲಸ. ಯಾವ ಶನಿವಾರ ಎಷ್ಟು ಹುಯ್ದೆ, ಯಾರು ಎಷ್ಟು ತಿಂದರು ಎಂಬುದೂ ಡೈರಿಯಲ್ಲಿದೆ.

"ಪುಸ್ತಕದ ಅಕ್ಕಾ, ನಾನು ಸೀನಿದ್ದೂ ಬರೆದೆಯಾ?" ಎಂದು ಅಲ್ಲಿದ್ದವರಲ್ಲಿ ಹಿರಿಯ ಹುಡುಗಿ ಕೆಣಕುತ್ತಿದ್ದಳು.

"ಬರೆದೆ, ಎರಡು ಸಲ," ಎನ್ನುತ್ತಿದ್ದೆ.

ಹದಿನೆಂಟು ತುಂಬಿದವರು ಆ ಮನೆಯಲ್ಲಿರುವಂತಿಲ್ಲ. ಕಾಗದದ ಪ್ರಕಾರ ಅವಳಿಗೆ ಬರುವ ಜನವರಿ ಒಂದಕ್ಕೆ ಹದಿನೆಂಟು. ಆಮೇಲೆ ಉತ್ತರದಲ್ಲಿರುವ ದೊಡ್ಡವರ ಶಿಬಿರ. ಏಳು ವರ್ಷದ ತಂಗಿ ಇಲ್ಲೇ ಉಳಿಯುತ್ತಾಳೆ. ಅಷ್ಟರೊಳಗೆ ತಂಗಿ ತನ್ನ ಜಡೆ ತಾನೇ ಹಾಕಿಕೊಳ್ಳುವಂತಾಗಬೇಕು ಎಂಬುದು ಅವಳ ಹಟ.

ಡಚ್ಚರು ಹುಟ್ಟುಹಬ್ಬದ ಕ್ಯಾಲೆಂಡರನ್ನು ಶೌಚಾಲಯದ ಗೋಡೆಗೆ ತೂಗುಹಾಕುತ್ತಾರೆ. ದಿನಾ ಕಣ್ಣಿಗೆ ಬಿದ್ದರೆ ಯಾರೂ ಮರೆಯುವುದಿಲ್ಲವಂತೆ. ಅಲ್ಲಿ ಜನವರಿ ಒಂದರ ಗೆರೆಯಲ್ಲಿ ಐದು ಹೆಸರು ಒತ್ತಿಕೊಂಡಿದ್ದವು. ಹುಟ್ಟಿದ ದಿನಕ್ಕೆ ದಾಖಲೆಯಿಲ್ಲದ ಮಕ್ಕಳಿಗೆಲ್ಲ ವಲಸೆ ಕಚೇರಿ ಕೊಟ್ಟ ದಿನ ಅದು. ಐವರಿಗೂ ಸೇರಿ ಒಂದೇ ಕೇಕು.

ನಮ್ಮಪ್ಪನದೂ ಇದೇ ಕತೆ. ಹುಟ್ಟಿದ್ದು ದೀಪಾವಳಿ ಆಸುಪಾಸು. ಹೆಡ್‌ಮಾಸ್ತರರು ಶಾಲೆಗೆ ಸೇರಿಸಿಕೊಳ್ಳುವಾಗ ಜೂನ್ ಒಂದು ಎಂದು ಬರೆದರು. ಅಪ್ಪ ಅದೇ ತಾರೀಖು ಹಿಡಿದು ಕೆಲಸಕ್ಕೆ ಸೇರಿ, ಅದೇ ತಾರೀಖಿಗೆ ನಿವೃತ್ತರಾದರು. ಆ ಮಾಸ್ತರರ ಸೋಮಾರಿತನವನ್ನು ನಾನು ಎಷ್ಟು ಸಲ ಆಡಿಕೊಂಡಿದ್ದೇನೋ, ಅದೊಂದನ್ನು ಎಣಿಸಿಲ್ಲ.

ಸೆಪ್ಟೆಂಬರಿನ ಒಂದು ಶನಿವಾರ ಹುಡುಗಿ ಫೋನಿನಲ್ಲಿ ಒಂದು ಚಿತ್ರ ತೋರಿಸಿದಳು. ಸೋದರಮಾವನ ಮದುವೆ. ತುಂಬು ಬಸುರಿ ತಾಯಿ ಕುರ್ಚಿಯಲ್ಲಿ ಕೂತಿದ್ದಾಳೆ. ಮೂಲೆಯಲ್ಲಿ ಕ್ಯಾಮೆರಾ ಒತ್ತಿದ ತಾರೀಖು: ಅಕ್ಟೋಬರ್ ಒಂಬತ್ತು. "ಮದುವೆಯಾಗಿ ಮೂರನೇ ದಿನಕ್ಕೆ ನಾನು ಹುಟ್ಟಿದ್ದಂತೆ," ಎಂದಳು.

"ಹಾಗಾದರೆ ಹನ್ನೆರಡು!" ಎಂದು ನಾನೇ ಕೂಗಿದೆ.

"ನನಗೇ ಅಂತ ಒಂದು ಕೇಕು ಮಾಡುತ್ತೀಯಾ?"

ಪೆನ್ನು ತೆಗೆದುಕೊಂಡು ಹೋಗಿ ಅಕ್ಟೋಬರ್ ಹನ್ನೆರಡರ ಗೆರೆಯಲ್ಲಿ ಅವಳ ಹೆಸರು ಬರೆದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ರೂಢಿ ಬಿಡಲಿಲ್ಲ, ಚಿತ್ರದಲ್ಲಿದ್ದ ಇಸವಿಯನ್ನೂ ಸೇರಿಸಿದೆ. ಗೋಡೆಯ ಕ್ಯಾಲೆಂಡರು ಕಚೇರಿಯ ಕಡತವಲ್ಲ ಅಂದುಕೊಂಡಿದ್ದೆ.

ಮುಂದಿನ ಶನಿವಾರ ಮನೆ ನೋಡಿಕೊಳ್ಳುವ ಡಚ್ ಹೆಂಗಸು ನನ್ನನ್ನು ಅಡುಗೆಮನೆಗೆ ಕರೆದರು. ಇಸವಿ ನೋಡಿದ್ದರು, ಹುಡುಗಿಯನ್ನು ಕೇಳಿದ್ದರು. ಅವಳು ಖುಷಿಯಿಂದ ಚಿತ್ರ ತೋರಿಸಿದ್ದಳು.

"ನಾನು ಕಚೇರಿಗೆ ತಿಳಿಸಲೇಬೇಕು," ಎಂದರು.

"ಅದು ಶೌಚಾಲಯದ ಕ್ಯಾಲೆಂಡರು!"

"ಹೌದು. ಆದರೆ ಅದರಲ್ಲಿರುವುದು ನಿಜ ತಾನೇ?"

ನಿಜವೇ. ಹನ್ನೆರಡಕ್ಕೆ ಅವಳಿಗೆ ಹದಿನೆಂಟು ತುಂಬಿತು. ಕೇಕು ಮಾಡಿದೆ, ತಂಗಿಯೊಬ್ಬಳೇ ತಿಂದಳು. ಹದಿಮೂರರ ಬೆಳಿಗ್ಗೆ ಶಿಬಿರದ ಗಾಡಿ ಬಂತು. ಹುಡುಗಿ ಒಂದೇ ಚೀಲ ಹಿಡಿದು ಹೊಸ್ತಿಲಲ್ಲಿ ನಿಂತಳು.

"ಪುಸ್ತಕದ ಅಕ್ಕಾ, ಜನವರಿಗೆ ಇನ್ನೆಷ್ಟು ದಿನ?"

"ಎಂಬತ್ತು."

"ಅವಳಿಗೆ ಮೂರೆಳೆ ಜಡೆ ಇನ್ನೂ ಬರುವುದಿಲ್ಲ," ಎಂದಳು. ನನ್ನ ಮುಖ ನೋಡಲಿಲ್ಲ.

ಆಮೇಲೆ ನಾನು ಮೂರು ಶನಿವಾರವಷ್ಟೇ ಹೋದೆ. ಕೊನೆಯ ಸಲ ತಂಗಿಯ ತಲೆ ಬಾಚುತ್ತಿದ್ದಾಗ ಅವಳು ಕೇಳಿದಳು: "ನಾನು ಯಾವಾಗ ಹುಟ್ಟಿದ್ದು ಅಂತ ಅಕ್ಕ ನಿನಗೆ ಹೇಳಿದ್ದಾಳಂತೆ. ಯಾವಾಗ?"

ಹೇಳಿದ್ದಳು. ನನಗೆ ಗೊತ್ತಿತ್ತು.

"ಜನವರಿ ಒಂದು," ಎಂದೆ.

"ಸುಳ್ಳು ಹೇಳುತ್ತೀಯ," ಎಂದು ಬಾಚಣಿಗೆ ಕಿತ್ತುಕೊಂಡು ಎದ್ದು ಹೋದಳು.

ಅವಳ ಅಕ್ಕ ಹೇಳಿದ್ದ ಆ ತಾರೀಖು ನನ್ನ ಡೈರಿಯಲ್ಲಿ ಎಲ್ಲೂ ಇಲ್ಲ.