ಬೈಕಿನ ಸದ್ದಿಗೆ ಸಿಕ್ಕ ಲೇಖನಗಳು

ಗೆಳೆಯರೇ, ಮಂಡ್ಯದಲ್ಲಿ ನಾನು ನೋಡಿಕೊಳ್ಳುವ ಕಾಲೇಜು ಲೈಬ್ರರಿಯಲ್ಲಿ ಇವತ್ತು ಎಂ.ಎ. ಓದುವ ನಸ್ರೀನ್ ಕಂಪ್ಯೂಟರಿನ ಮೇಲೆ ಮುನಿಸಿಕೊಂಡು ಕೂತಿದ್ದಳು. ಮದ್ದೂರಿನ ಮೆಕ್ಯಾನಿಕ್ಕುಗಳು ಕೆಟ್ಟ ಬೈಕಿನ ಸದ್ದನ್ನು ವಾಟ್ಸಾಪಿನಲ್ಲಿ ಒಬ್ಬರಿಗೊಬ್ಬರು ಕಳಿಸಿ, ಏನಾಗಿದೆಯೆಂದು ಪತ್ತೆಹಚ್ಚುತ್ತಾರೆ. ಅವಳ ಅಪ್ಪನೂ ಅವರಲ್ಲೊಬ್ಬರು. ಸಂವಹನ ಸಂಶೋಧನೆಗೆ ಅವಳು ಆರಿಸಿಕೊಂಡ ವಿಷಯ ಅದೇ. ಸಂಜೆಯೊಳಗೆ ಪೂರಕ ಲೇಖನ ತೋರಿಸದಿದ್ದರೆ ವಿಷಯ ಬದಲಿಸಬೇಕೆಂದು ಗೈಡ್ ಹೇಳಿದ್ದರಂತೆ.

"ಬುಡಿ ಮೇಡಂ, ಒಂದೂ ಸಿಗ್ತಿಲ್ಲ. ನಮ್ಮಪ್ಪನ ಕೆಲ್ಸದ ಬಗ್ಗೆ ಯಾರ್ ಬರೀತಾರೆ?"

ಬಗ್ಗಿ ನೋಡಿದರೆ, ಮದ್ದೂರಿನಿಂದ ಹಿಡಿದು ಬೈಕಿನ ಸದ್ದಿನವರೆಗೆ ಇಡೀ ಕಥೆಯನ್ನೇ ಲೇಖನ ಹುಡುಕುವ ಡೇಟಾಬೇಸಿಗೆ ತುಂಬಿದ್ದಾಳೆ!

"ಊರು ತೆಗಿಯಮ್ಮ, ಬೈಕೂ ತೆಗಿ. ರಿಪೇರಿ ಕೆಲ್ಸ, ಧ್ವನಿ ಸಂದೇಶ, ಜ್ಞಾನ ಹಂಚಿಕೆ ಅಂತ ಬೇರೆ ಬೇರೆ ಪದ ಹಾಕು," ಎಂದೆ.

ಹಾಕಿದಳು. ಪರದೆ ತುಂಬಿತು. ಯಾವುದೋ ದೂರದೇಶದ ರಿಪೇರಿಯವರು ಫೋನಿನಲ್ಲೇ ಒಬ್ಬರಿಂದೊಬ್ಬರು ಕಲಿಯುವ ಕುರಿತ ಸಾರಾಂಶ ಓದುತ್ತಿದ್ದಂತೆ ಅವಳ ಮುಖ ಅರಳಿತು.

"ಇವ್ರೂ ನಮ್ಮಪ್ಪನಂಗೇ ಅವ್ರೆ ಮೇಡಂ!"

ಓಡಿಹೋಗಿ ಗೈಡಿಗೆ ತೋರಿಸಿ ಬಂದಳು. "ಒಪ್ಕಂಡ್ರು ಮೇಡಂ!" ಆ ಖುಷಿಯಲ್ಲೇ, ಅಪ್ಪ ಕಳಿಸಿದ್ದ ಬೈಕಿನ ಸದ್ದಿನ ರೆಕಾರ್ಡಿಂಗನ್ನು ನನಗೂ ಕೇಳಿಸಲೆಂದು ಒತ್ತಿದಳು. ಒಡೆದ ಸೈಲೆನ್ಸರಿನ ಆರ್ಭಟಕ್ಕೆ ಓದುತ್ತಿದ್ದವರೆಲ್ಲ ಬೆಚ್ಚಿ ತಿರುಗಿದರು.

ಲೈಬ್ರರಿಯಲ್ಲಿ ಗಲಾಟೆ ಮಾಡಬಾರದು, ನಿಜ. ಆದರೆ ಸಂಶೋಧನೆಯ ಆಕರವೇ ಗಲಾಟೆಯಾದರೆ ಲೈಬ್ರೇರಿಯನ್ ಯಾರನ್ನು ಗದರಬೇಕು, ನೀವೇ ಹೇಳಿ.