ಹುರುಳಿಕಾಳಿನ ಪಾಣಿಪತ

ನಿನ್ನೆ ಮಧ್ಯಾಹ್ನ ಹುರುಳಿ ಡಬ್ಬಿಯ ಮುಚ್ಚಳ ತೆಗೆದಾಗ ನುಸಿಯ ವಾಸನೆ ಬಂತು. ಮಳೆಗಾಲದ ಕಾಳಿಗೆ ಇರುವ ಆ ಮುಗ್ಗು ವಾಸನೆ ನಿಮಗೂ ಗೊತ್ತಿರುತ್ತದೆ. ಮೊರಕ್ಕೆ ಸುರುವಿ ಬೆರಳಿನಿಂದ ಹರಡುತ್ತ ಕುಳಿತೆ. ಹುರುಳಿ ಆರಿಸುವಾಗ ಬೇರೆಯವರಿಗೆ ಕಟ್ಟಿನ ಸಾರು ನೆನಪಾಗುತ್ತದೆಯೋ ಏನೋ; ನನಗೆ ನೆನಪಾಗುವುದು ಮರಾಠರ ಕುದುರೆ ದಂಡು.

ಇದಕ್ಕೆ ಕಾರಣ ನನ್ನ ಮಾವನವರು. ನಾನು ಕೊಲ್ಹಾಪುರದಿಂದ ಇಚಲಕರಂಜಿಯ ಈ ಮಗ್ಗದವರ ಮನೆಗೆ ಸೊಸೆಯಾಗಿ ಬಂದದ್ದು ಎಪ್ಪತ್ತರ ದಶಕದಲ್ಲಿ. ಮಗಳು ಕಾನ್ವೆಂಟಿನಲ್ಲಿ ಕಲಿತವಳೆಂದು ನಮ್ಮ ತಂದೆ ದೊಡ್ಡದೊಂದು ಸಾಗವಾನಿ ಊಟದ ಮೇಜನ್ನು ಜೊತೆಗೆ ಕಳಿಸಿದ್ದರು. ಕೈವಸ್ತ್ರ ತ್ರಿಕೋನವಾಗಿ ಮಡಚುವುದನ್ನು ಸಿಸ್ಟರ್‌ಗಳು ಕಲಿಸಿದ್ದರು. ಆ ವಿದ್ಯೆ ತೋರಿಸಲು ನಾನು ತುದಿಗಾಲಲ್ಲಿದ್ದೆ. ಎರಡೂ ಮನೆಯವರು ಜೈನರೇ. ಆದರೆ ಇಲ್ಲಿಯವರು ಅಡುಗೆಮನೆಯಲ್ಲಿ ಮಣೆ ಹಾಕಿಕೊಂಡು, ಹೊತ್ತು ಮುಳುಗುವ ಮೊದಲೇ ಉಂಡು ಕೈತೊಳೆಯುವ ಕಟ್ಟುನಿಟ್ಟಿನ ಮಂದಿ. ಮೇಜು ಪಡಸಾಲೆಯಲ್ಲಿ ಖಾಲಿ ನಿಂತಿತು. ಕೆಲವೇ ದಿನಗಳಲ್ಲಿ ಅದರ ಮೇಲೆ ಮಾವನವರ ಪಾಣಿಪತದ ಯುದ್ಧ ಶುರುವಾಯಿತು.

ನನ್ನ ಹಸಿರು ಮೇಜುಬಟ್ಟೆಯೇ ರಣರಂಗ. ಅತ್ತೆಯವರ ಹಳೆಯ ಸೀರೆಯಿಂದ ಕತ್ತರಿಸಿದ ನೀಲಿ ಅಂಚು ಯಮುನಾ ನದಿ. ನೂಲು ಮುಗಿದ ಮಗ್ಗದ ಕಂಡಿಕೆ ಕೊಳವೆಗಳು ತೋಪುಗಳು. ಅವುಗಳ ಎಣ್ಣೆ ವಾಸನೆಗೆ ಪಡಸಾಲೆಯೇ ಮಗ್ಗದ ಶೆಡ್ಡಿನಂತಾಗುತ್ತಿತ್ತು. ಹೆಸರುಕಾಳು ಅಫಘಾನರು, ಹುರುಳಿ ಮರಾಠರು. ಯಾಕೆ ಹುರುಳಿ ಎಂದು ಕೇಳಿದ್ದಕ್ಕೆ ಮಾವನವರು, “ಕುದರಿ ಮತ್ತೇನ ತಿಂತಾವ, ತಂಗಿ, ಬಿಸ್ಕೀಟ?” ಎಂದಿದ್ದರು. ಯಾರು ಮುಂದೆ ಸರಿಯಬೇಕು, ಯಾರು ಬೀಳಬೇಕು ಎನ್ನುವುದನ್ನು ಕವಡೆ ಹೇಳುತ್ತಿತ್ತು. ಪಾಣಿಪತದಲ್ಲಿ ಮರಾಠರು ಹಸಿದು ಕಂಗಾಲಾಗಿದ್ದರಲ್ಲ, ಅದಕ್ಕೆ ಪ್ರತಿ ಸುತ್ತಿಗೂ ಹುರುಳಿಯ ರಾಶಿಯಿಂದ ಒಂದು ಚಿಟಿಕೆ ತಾವೇ ತೆಗೆದಿಡುತ್ತಿದ್ದರು. ವಾಟರ್ಲೂ ಕಾಳಗದ ಇಸವಿ ನನಗೆ ಬಾಯಿಪಾಠ. ಪಾಣಿಪತ ಮಾತ್ರ ದಿಲ್ಲಿಯಾಚೆಯ ಒಂದು ರೈಲು ನಿಲ್ದಾಣವೆಂದೇ ಅಲ್ಲಿಯವರೆಗೆ ತಿಳಿದಿದ್ದೆ.

ಬಿದ್ದ ಕಾಳುಗಳನ್ನು ಹಿತ್ತಾಳೆ ತಾಟಿಗೆ ಹಾಕಿ, ಸಂಜೆ ಗುಬ್ಬಿಗಳಿಗೆ ಚೆಲ್ಲುತ್ತಿದ್ದರು. ಒಮ್ಮೆ ರಣರಂಗಕ್ಕೆ ಹೋದ ಕಾಳನ್ನು ಬೇಯಿಸುವಂತಿರಲಿಲ್ಲ. “ಇರುವಿ ತುಳಿಯೂದಿಲ್ಲ ಅಂತ ನೆಲಾ ನೋಡಿ ನಡೀತಾರ, ಇಲ್ಲಿ ದಿನಾ ಇಷ್ಟ ಮಂದೀನ ಕೆಡವತಾರ,” ಎಂದು ಅತ್ತೆಯವರು ಚುಚ್ಚುತ್ತಿದ್ದರು. “ಬರ್ರಿ, ಉಣ್ಣಾಕ. ಹೊತ್ತ ಮುಳಗತೈತಿ. ಅಫಘಾನರೂ ಉಣ್ಣಲಿ.”

ಒಂದು ಸಂಗತಿ ನನ್ನ ಕಣ್ಣಿಗೆ ಮೊದಲ ದಿನವೇ ಬಿದ್ದಿತ್ತು. ಮರಾಠರ ಕಡೆಯ ಕುರ್ಚಿಯಲ್ಲಿ ಮಾವನವರು ತಲೆಯ ಮೇಲಿನ ಬಿಳಿ ಟೋಪಿಯೊಂದಿಗೆ ಕೂರುವರು. ಆ ಪಾಳಿ ಮುಗಿದೊಡನೆ ಎದ್ದು, ಟೋಪಿ ತೆಗೆದು ಕಿಸೆಗೆ ತುರುಕಿ, ಮೇಜು ಸುತ್ತಿ ಬಂದು ಅಫಘಾನರ ಕುರ್ಚಿಯಲ್ಲಿ ಬರಿದಲೆಯಲ್ಲಿ ಕೂರುವರು.

“ಒಬ್ಬರ ಆಡತೀರಿ, ಬ್ಯಾಸರ ಆಗೂದಿಲ್ಲೇನ್ರಿ ಮಾಮಾ?”

“ಒಬ್ಬನ ಎಲ್ಲಿ? ಎದರಿಗೆ ತಮ್ಮ ಅದಾನ. ಅವ ಟೋಪಿ ಹಾಕೂದಿಲ್ಲ.”

ತಮ್ಮ ಎಂದರೆ ಗಡಹಿಂಗ್ಲಜದ ಕಾಕಾ. ಶಹಾಪುರದಲ್ಲಿದ್ದ ಮನೆತನದ ಮಗ್ಗದ ಶೆಡ್ಡು ಪಾಲಾಗುವಾಗ ಅಣ್ಣತಮ್ಮಂದಿರ ನಡುವೆ ಮಾತು ಬೆಳೆದು, ಕಾಕಾ ಗಡಹಿಂಗ್ಲಜಕ್ಕೆ ಹೋಗಿ ಕಿರಾಣಿ ಅಂಗಡಿ ಹಾಕಿದ್ದರಂತೆ. ಅಂದಿನಿಂದ ಮಾತು ನಿಂತಿತ್ತು. ಈ ಆಟವನ್ನು ಇಬ್ಬರೂ ಹುಡುಗರಾಗಿದ್ದಾಗ ಕೂಡಿಯೇ ಕಟ್ಟಿದ್ದರು. ಹಿರಿಯನೆಂದು ಮಾವನವರು ಮರಾಠರ ಕಡೆ ಹಿಡಿದರು. ಶತ್ರುವಿನ ಪಾಲು ಸದಾ ತಮ್ಮನಿಗೆ. ಪಾಪ, ಗೆದ್ದಾಗಲೆಲ್ಲ ಬೈಸಿಕೊಂಡದ್ದೂ ಅವರೇ.

ಚಾತುರ್ಮಾಸದಲ್ಲಿ ಯುದ್ಧ ನಿಲ್ಲುತ್ತಿತ್ತು. ಮಳೆಗಾಲದ ಕಾಳಿನೊಳಗೆ ಹುಳ ಇರುತ್ತದೆ, ಸರಿಸಿದರೆ ಜೀವಹಿಂಸೆ ಎಂದು ಮಾವನವರ ನೇಮ. ದಂಡು ಎಲ್ಲಿತ್ತೋ ಅಲ್ಲಿಯೇ ಬಿಟ್ಟು, ಸುತ್ತ ಬೇವಿನ ಎಲೆ ಇಟ್ಟು, ಬಿಳಿ ಧೋತರ ಮುಚ್ಚುವರು. “ಖರೇ ದಂಡೂ ಮಳಿಗಾಲದಾಗ ಛಾವಣಿ ಬಿಡತಿದ್ದಿಲ್ಲ,” ಎನ್ನುವರು. ದೀಪಾವಳಿಯವರೆಗೆ ಅದನ್ನು ಮುಟ್ಟುವಂತಿಲ್ಲ. ಧೂಳು ಒರೆಸುವಾಗ ನಾನು ಆ ಮೇಜನ್ನು ಮುಟ್ಟದೆ ಸುತ್ತಿಕೊಂಡು ಹೋಗುತ್ತಿದ್ದೆ, ಯಾರೋ ಮಲಗಿದ್ದಾರೆ ಎಂಬಂತೆ.

ಅಂಥ ಒಂದು ಮಳೆಗಾಲ, ಕ್ಷಮಾವಣಿಯ ದಿನ. ನಮ್ಮಲ್ಲಿ ಅಂದು ಒಬ್ಬರೊಬ್ಬರ ಮನೆಗೆ ಹೋಗಿ, ತಿಳಿದೋ ತಿಳಿಯದೆಯೋ ನೋಯಿಸಿದ್ದಕ್ಕೆ ಕ್ಷಮೆ ಕೇಳುತ್ತಾರೆ. ಬಾಗಿಲಲ್ಲಿ ಕಾಕಾ ನಿಂತಿದ್ದರು. ಕೈಯಲ್ಲಿ ಆಜರಾ ಅಕ್ಕಿಯ ಗಂಟು, ತಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

“ದಾದಾ, ಕ್ಷಮಾ ಇರಲಿ.”

“ನನ್ನ ಕಡಿಂದೂ ಇರಲಿ. ಒಳಗ ಬಾ. ತಲಿ ಒರಸ್ಕೋ ಮೊದಲ.”

ಅಷ್ಟೇ. ಅಷ್ಟು ವರ್ಷಗಳ ಮೌನ ಮುಗಿದದ್ದು ತಲೆ ಒರೆಸಿದ ಒಂದು ಪಂಚೆಯ ತುದಿಯಲ್ಲಿ. ನಾನು ಚಹಾ ತಂದಾಗ ಕಾಕಾ ಮೇಜಿನ ಮೇಲಿನ ಧೋತರದ ಅಂಚು ಎತ್ತಿ ನೋಡುತ್ತಿದ್ದರು.

“ಇನ್ನೂ ಇದನ್ನ ಬಿಟ್ಟಿಲ್ಲೇನ? ನನ್ನ ಕಡಿ ಯಾರ ಆಡತಾರ?”

“ನಾನ.”

“ಗೆಲ್ಲಾವ್ರ ಯಾರು?”

“ನೀನ. ಪ್ರತಿ ಸಲ ನೀನ.”

ಕಾಕಾ ನಗುತ್ತ ಕೆಮ್ಮಿದರು. “ಒಮ್ಮೆರ ನನಗ ಮರಾಠರ ಬಾಜು ಕೊಡೋ ದಾದಾ. ಸಣ್ಣಾಂವ ಇದ್ದಾಗಿಂದ ಗೆದ್ದ ಗೆದ್ದ ಸಾಕಾಗೇತಿ.”

ಮಾವನವರು ತಟ್ಟನೆ ಎದ್ದು ತಮ್ಮ ಕುರ್ಚಿಯನ್ನು ತಮ್ಮನಿಗಾಗಿ ಎಳೆದರು. ಕಾಕಾ ಕೂತು, ಕೈ ಚಾಚಿದರು. ಅಷ್ಟರಲ್ಲಿ ಮಾವನವರಿಗೆ ನೇಮ ನೆನಪಾಯಿತು.

“ಈಗ ಬ್ಯಾಡ. ದೀಪಾವಳಿ ಆಗಲಿ.”

“ಒಂದ ಕಾಳ, ದಾದಾ.”

“ಆ ಒಂದರಾಗ ಒಂದ ಜೀವ ಇದ್ರ?”

ಕಾಕಾ ಮೇಜಿನ ಮೇಲೆ ಹಾಗೆಯೇ ತೂಗುತ್ತಿದ್ದ ಕೈಯನ್ನು ಹಿಂದೆಗೆದರು. ಅವರೂ ಅದೇ ಮನೆಯಲ್ಲಿ ಬೆಳೆದವರು. “ಹೌದ, ಅದೂ ಖರೇನ,” ಎಂದರು. ಇಬ್ಬರೂ ಸೇರಿ ಧೋತರವನ್ನು ಸರಿಯಾಗಿ ಮುಚ್ಚಿದರು. ಹೊತ್ತು ಮುಳುಗುವ ಮುಂಚೆ ಊರು ಮುಟ್ಟಿ ಉಣ್ಣಬೇಕೆಂದು ಕಾಕಾ ಮಧ್ಯಾಹ್ನದ ಬಸ್ಸಿಗೆ ಹೊರಟರು.

ದೀಪಾವಳಿಗೆ ಇನ್ನೂ ದಿನಗಳಿದ್ದಾಗ, ಅಂಗಡಿಯಲ್ಲಿ ಗಿರಾಕಿಗೆ ಸಕ್ಕರೆ ತೂಗುತ್ತಿದ್ದ ಕಾಕಾ ಕುಸಿದರಂತೆ. ಮಾವನವರು ಗಡಹಿಂಗ್ಲಜ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಹಬ್ಬ ಕಳೆದ ಮೇಲೆ ಒಂದು ಬೆಳಿಗ್ಗೆ ಮಾವನವರು ಧೋತರ ತೆಗೆದರು. ಹುರುಳಿಯ ಕಡೆಯ ಕುರ್ಚಿಯ ಮೇಲೆ ತಮ್ಮ ಟೋಪಿ ಇಟ್ಟರು. ಮೇಜು ಸುತ್ತಿ ಬಂದು ಅಫಘಾನರ ಕುರ್ಚಿಯಲ್ಲಿ ಕೂತರು. ಕವಡೆ ಮುಟ್ಟಲಿಲ್ಲ. ಯಾವಾಗಲೂ ಚುಚ್ಚುತ್ತಿದ್ದ ಅತ್ತೆಯವರೇ ಬಂದು ಮೆಲ್ಲಗೆ, “ಆಡ್ರಿ,” ಎಂದರು.

“ಪಾಳಿ ಅವಂದ ಐತಿ,” ಎಂದರು ಮಾವನವರು.

ಸಂಜೆಯವರೆಗೆ ಕೂತಿದ್ದರು. ಆಮೇಲೆ ಬಿದ್ದವರನ್ನೂ ನಿಂತವರನ್ನೂ ಒಟ್ಟಿಗೇ ಬಳಿದು ಗುಬ್ಬಿಗಳಿಗೆ ಹಾಕಿದರು. ನನ್ನ ಮೇಜು ನನಗೆ ಮರಳಿ ಸಿಕ್ಕಿತು. ಅದರ ಮೇಲೆ ಕೈವಸ್ತ್ರ ಮಡಚಲು ಮಾತ್ರ ನನಗೆ ಮನಸ್ಸಾಗಲಿಲ್ಲ. ಅವರ ನೇಮ ತಪ್ಪೆಂದು ನಾನು ಹೇಳಲಾರೆ. ಆದರೆ ಆ ಚಾಚಿದ ಕೈ ಇಷ್ಟು ವರ್ಷವಾದರೂ ನನ್ನ ಕಣ್ಣೆದುರು ಹಾಗೆಯೇ ತೂಗುತ್ತಿದೆ.

ನಿನ್ನೆ ನಾನು ಮೊರ ಹಿಡಿದು ಕೂತಿದ್ದಾಗ ಫೋನ್ ಬಂತು. ಕಾಕಾನ ಮಗನಿಗೆ ಕಾಲು ಮುರಿದಿದೆಯಂತೆ. ಮದುವೆಯೊಂದಕ್ಕೆ ಕರೆಯದ ವಿಷಯಕ್ಕೆ ನಮ್ಮ ಯಜಮಾನರಿಗೂ ಅವನಿಗೂ ಎರಡು ವರ್ಷದಿಂದ ಅಷ್ಟಕ್ಕಷ್ಟೆ. ನಮ್ಮವರು ಕಿಟಕಿಯಾಚೆ ಮಳೆ ನೋಡಿ, “ದೀಪಾವಳಿ ಆಗಲಿ, ಹೋಗಿ ಬಂದರಾತು,” ಎಂದರು.

ನಾನು ಎದ್ದು, ಕಪಾಟಿನಿಂದ ಹೊರಗೆ ಹೋಗುವ ಸೀರೆ ತೆಗೆದೆ.

“ಈಗ? ಇಷ್ಟ ಮಳ್ಯಾಗ?”

“ಛತ್ರಿ ಎರಡ ಅದಾವ್ರಿ,” ಎಂದೆ.

ಅವರು ನನ್ನನ್ನು ನೋಡಿದರು, ಮೊರವನ್ನು ನೋಡಿದರು, ಆಮೇಲೆ ಚಪ್ಪಲಿ ಹುಡುಕಲು ಹೋದರು. ಹುರುಳಿ ಮೊರದಲ್ಲಿ ಹರಡಿದ ಹಾಗೆಯೇ ಇತ್ತು. ಅದರ ಮೇಲೆ ನಾನು ಬಟ್ಟೆ ಮುಚ್ಚಲಿಲ್ಲ.