ಕೋಲು ಚಾಚಲಿಲ್ಲ ಎಂದೆ

ಇದನ್ನು ನನ್ನ ಹೆಂಡತಿಗೂ ಹೇಳಿಲ್ಲ. ಹೇಳಲು ನಾಚಿಕೆ, ಅಷ್ಟೇ.

ಐವತ್ತರ ದಶಕದಲ್ಲಿ ನಾನು ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಖಾಸಗಿ ಬಸ್ಸು ಓಡಿಸುತ್ತಿದ್ದೆ. ಸ್ಟೀರಿಂಗ್ ಹಿಡಿದರೆ ಸಾಕು, ಕಣ್ಣು ನೆತ್ತಿಗೇರುತ್ತಿತ್ತು. ಎತ್ತಿನ ಗಾಡಿಯವರು ನನ್ನ ಲೆಕ್ಕಕ್ಕೇ ಇರಲಿಲ್ಲ. ಅಂದು ಬೆಳಿಗ್ಗೆ ಇನ್ನೊಂದು ಬಸ್ಸು ನನಗಿಂತ ಮುಂಚೆ ಹೊರಟುಬಿಟ್ಟಿತ್ತು. ದಾರಿಯಲ್ಲಿ ಸಿಗುವ ತೆರಕಣಾಂಬಿಯ ಜನರನ್ನೆಲ್ಲ ಅದರ ಡ್ರೈವರೇ ಬಾಚಿಕೊಂಡು ಹೋಗುತ್ತಾನೆಂದು ನನಗೆ ಹೊಟ್ಟೆಯುರಿ.

ತೆರಕಣಾಂಬಿ ಇನ್ನೂ ಒಂದು ಮೈಲಿ ಇರುವಾಗ, ಬಲಕ್ಕೆ ಹಳ್ಳಿಯ ದಾರಿ ಒಡೆಯುವ ಜಾಗದಲ್ಲಿ, ಮುಂದೆ ಒಂದು ಗಾಡಿ ಹೋಗುತ್ತಿತ್ತು. ತಿರುಗುವ ಮೊದಲು ಗಾಡಿಯವರು ಬಾರುಕೋಲನ್ನು ಆ ಕಡೆಗೆ ಚಾಚುವುದು ನಮ್ಮ ಕಡೆಯ ರೂಢಿ. ಕೋಲು ಕಂಡರೆ ಹಿಂದಿನವನು ಹಿಂದೆಯೇ ಉಳಿಯಬೇಕು. ಗಾಡಿಯ ಮುದುಕ ಬಲಕ್ಕೆ ಕೋಲು ಚಾಚಿದ. ನಾನು ನೋಡಿದೆ. ಚೆನ್ನಾಗಿಯೇ ನೋಡಿದೆ. ಎತ್ತುಗಳು ತಿರುಗುವಷ್ಟರಲ್ಲಿ ದಾಟಿಬಿಡೋಣ ಎಂದುಕೊಂಡು ಹಾರನ್ ಒತ್ತಿ ಬಲಗಡೆಯಿಂದಲೇ ನುಗ್ಗಿಸಿದೆ.

ಬಲಗಡೆಯ ಎತ್ತಿಗೆ ಬಸ್ಸು ಬಡಿಯಿತು. ಮುಂಗಾಲು ಮುರಿದು ಅದು ನೊಗದಡಿಯಲ್ಲೇ ಕುಸಿಯಿತು. ಮುದುಕ ಇಳಿದು, ಅದರ ಕೊರಳ ಹಗ್ಗ ಬಿಚ್ಚಿ, ಮುಖ ಸವರುತ್ತ ಕುಳಿತ. ನನಗೆ ಎತ್ತಿನ ಚಿಂತೆಯಲ್ಲ, ಲೈಸೆನ್ಸಿನ ಚಿಂತೆ.

ಪೊಲೀಸ್ ದಫೇದಾರರು ಸೈಕಲ್ಲಿನಲ್ಲಿ ಬಂದರು. ತಪ್ಪು ಯಾರದೆಂಬುದು ಒಂದೇ ಮಾತಿಗೆ ಬಂದು ನಿಂತಿತು, ಮುದುಕ ಕೋಲು ಚಾಚಿದ್ದನೋ ಇಲ್ಲವೋ. ಬಸ್ಸಿನಲ್ಲಿದ್ದವರು ಯಾರೂ ಕಂಡಿರಲಿಲ್ಲ.

“ಚಾಚ್ಲೇ ಇಲ್ಲ ಸಾರ್,” ಎಂದೆ. ನಾಲಿಗೆ ಒಂದಿಷ್ಟೂ ತಡವರಿಸಲಿಲ್ಲ.

ದಫೇದಾರರು ಮುದುಕನ ಕಡೆ ತಿರುಗಿದರು. “ಏನಯ್ಯಾ, ಎತ್ತಿನ ಹಣೆ ಮುಟ್ಟಿ ಹೇಳು. ಚಾಚಿದ್ಯಾ?”

ಅವನು ಹೂಂ ಅಂದಿದ್ದರೆ ನನ್ನ ಕಥೆ ಮುಗಿಯುತ್ತಿತ್ತು. ಎತ್ತಿನ ಹಣೆಯವರೆಗೆ ಹೋದ ಕೈಯನ್ನು ಮುದುಕ ಹಿಂದಕ್ಕೆ ತೆಗೆದುಕೊಂಡ.

“ದಿನಾ ಚಾಚ್ತೀನಿ ಸ್ವಾಮಿ, ಕೈ ತಾನಾಗೇ ಓಯ್ತದೆ. ಇವತ್ತು ಚಾಚಿದ್ನಾ ಇಲ್ವಾ, ಗ್ಯಾನ ಇಲ್ಲ. ಗ್ಯಾನ ಇಲ್ದೆ ಇದ್ರ ಮೇಲೆ ಯಂಗೆ ಆಣೆ ಇಡ್ಲಿ? ಡ್ರೈವರಪ್ಪ ಸುಳ್ಳೇಳಾನಾ?”

ಗಾಡಿಯವನದೇ ತಪ್ಪು ಎಂದು ತೀರ್ಮಾನವಾಯಿತು.

ಆಮೇಲೆ ಬಸ್ಸು ಓಡಿಸಿದಷ್ಟು ಕಾಲವೂ ದಾರಿ ಒಡೆಯುವ ಕಡೆ ನಾನು ಯಾರನ್ನೂ ಹಿಂದೆ ಹಾಕಲಿಲ್ಲ. ಬಲು ಎಚ್ಚರದ ಡ್ರೈವರ್ ಎಂದು ಜನ ಹೊಗಳುತ್ತಿದ್ದರು. ಹೊಗಳಿದಾಗಲೆಲ್ಲ ನನ್ನ ಮೇಲೆ ನನಗೇ ಅಸಹ್ಯವಾಗುತ್ತಿತ್ತು.

ಸುಳ್ಳು ಹೇಳಿದ್ದಕ್ಕಾದರೂ ಹೆದರಿಕೆಯ ನೆಪವಿದೆ. ಅದಾದ ಮೇಲೆ ನಡೆದದ್ದಕ್ಕೆ ಯಾವ ನೆಪವೂ ಇಲ್ಲ. ಅಂದು ತೀರ್ಮಾನವಾಗಿ ನಾನು ಮತ್ತೆ ಬಸ್ಸು ಹತ್ತುವಾಗ ಮುದುಕ ಹತ್ತಿರ ಬಂದು ಕೈಮುಗಿದ.

“ನಂದೇ ತಪ್ಪು ಕಣಪ್ಪ, ಮರ್ತುಬುಟ್ಟೆ. ಬಸ್ನಾಗೆ ಅಷ್ಟೊಂದ್ ಜನ ಇದ್ರು. ನಿಂಗೆ ಏನಾರ ಆಗ್ಬುಟ್ಟಿದ್ರೆ?”

“ಓಗ್ಲಿ ಬುಡು ತಾತ,” ಎಂದೆ. “ಇನ್ಮೇಲಾರ ನೋಡ್ಕೊಂಡು ತಿರುಗ್ಸು.”